ಕುಗ್ಗುವ ಸೇರೂ ಕ್ರೈಸ್ತನ ಕಣಜವೂ



ಬೇಗೂರಿನ ಒಂದು ಮನೆಯಲ್ಲಿ ಸಾಯಂಕಾಲದ ಪ್ರಾರ್ಥನಾಕೂಟವು ಮುಗಿದ ಮೇಲೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗೆ ಹೊಲಿಗೆಯ ಕೆಲಸಕ್ಕೆ ಹೋಗುವ ಸಹೋದರಿಯೊಬ್ಬಳು ನಮ್ಮನ್ನು ಬಾಗಲಲ್ಲಿ ನಿಲ್ಲಿಸಿ ಹೀಗೆ ಕೇಳಿದಳು: “ಅಯ್ಯನವರೇ, ರೂಪಾಯಿ ಬಿದ್ದುಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ನಾನು ಡಾಲರನ್ನು ಕಣ್ಣಿನಿಂದ ಕಂಡವಳಲ್ಲ. ಅದು ಏರಿದರೆ ನನಗೇನು, ಇಳಿದರೆ ನನಗೇನು? ಇನ್ನೊಂದು ಮಾತು. ಕೆಲಸ ಹೋದೀತೆಂದು ಹೆದರಿ ನಾಲ್ಕು ಕಾಸು ಎತ್ತಿಡುವದು ನಂಬಿಕೆಯಿಲ್ಲದವರ ಗುಣವೆಂದು ಒಬ್ಬ ಬೋಧಕರು ಹೇಳಿದರು. ನಾಳೆಯ ವಿಷಯದಲ್ಲಿ ಚಿಂತೆ ಬೇಡವೆಂದು ಕರ್ತನೇ ಕಲಿಸಿದ್ದಾನಲ್ಲಾ. ಹಾಗಾದರೆ ನಾನು ಎತ್ತಿಡಲೋ, ಬಿಡಲೋ?”

ಆ ಹೊತ್ತು ನಾವು ಎರಡು ಮಾತುಗಳನ್ನು ಹೇಳಿ ಹೊರಟೆವು. ದಾರಿಯಲ್ಲಿ ನಡೆಯುತ್ತಾ ಹೋದಂತೆ, ನಾವು ಕೊಟ್ಟ ಉತ್ತರವು ಆಕೆಯ ಪ್ರಶ್ನೆಗಿಂತ ಚಿಕ್ಕದಾಗಿತ್ತೆಂದು ನಮ್ಮ ಮನಸ್ಸು ನಮ್ಮನ್ನು ಚುಚ್ಚಿತು. ಆದಕಾರಣ ಆ ಎರಡು ಪ್ರಶ್ನೆಗಳನ್ನು ಇಲ್ಲಿ ಸಾವಕಾಶವಾಗಿ ವಿಚಾರಿಸೋಣ.

ಮೊದಲನೆಯದಾಗಿ, ರೂಪಾಯಿ ಬೀಳುವದೆಂದರೆ ಏನು? ನಮ್ಮ ಹಿರಿಯರು ಧಾನ್ಯವನ್ನು ಸೇರಿನಿಂದಲೂ ಪಾವಿನಿಂದಲೂ ಅಳೆದು ಕೊಡುತ್ತಿದ್ದರು. ಅಂಗಡಿಯವನೊಬ್ಬನು ಸೇರಿನ ತಳಕ್ಕೆ ಅರಗನ್ನು ಮೆತ್ತಿದನೆಂದು ಭಾವಿಸಿರಿ. ಹೊರಗಿನಿಂದ ನೋಡುವವನಿಗೆ ಅದು ಅದೇ ಸೇರು. ಅದರ ಮೇಲಿನ ಮುದ್ರೆಯೂ ಅದೇ. ಆದರೆ ಮನೆಗೆ ತಂದು ಸುರಿದಾಗ ಮಡಕೆಯು ತುಂಬುವದಿಲ್ಲ. ರೂಪಾಯಿಯೂ ಒಂದು ಸೇರೇ ಆಗಿದೆ. ನಮ್ಮ ದುಡಿಮೆಯನ್ನೂ, ಅಕ್ಕಿ ಎಣ್ಣೆಗಳನ್ನೂ, ಮನೆಯ ಬಾಡಿಗೆಯನ್ನೂ ನಾವು ಅದರಿಂದ ಅಳೆಯುತ್ತೇವೆ. ನೋಟಿನ ಮೇಲಿನ ಅಂಕೆಯು ಬದಲಾಗದೆ ಅದರೊಳಗೆ ಹಿಡಿಯುವ ವಸ್ತು ಕಡಿಮೆಯಾದರೆ, ಸೇರು ಕುಗ್ಗಿತೆಂದು ತಿಳಿಯತಕ್ಕದ್ದು.

ಈ ಕುಗ್ಗುವಿಕೆಯು ನಿನ್ನೆ ಮೊನ್ನೆಯದಲ್ಲ. ದೇಶವು 1947ರಲ್ಲಿ ಸ್ವತಂತ್ರವಾದಾಗ ಅಮೆರಿಕದ ಒಂದು ಡಾಲರಿಗೆ ಸುಮಾರು 3 ರೂಪಾಯಿ 30 ಪೈಸೆಯಷ್ಟು ಬೆಲೆಯಿತ್ತು. 1949ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪೌಂಡಿನ ಜೊತೆಗೆ ರೂಪಾಯಿಯ ಬೆಲೆಯನ್ನೂ ಇಳಿಸಿದಾಗ ಅದು 4.76 ಆಯಿತು. 1966ರ ಜೂನ್ 6ರಂದು 7.50 ಆಯಿತು. 1991ರಲ್ಲಿ ಹೊರದೇಶಗಳಿಗೆ ಕೊಡತಕ್ಕ ದ್ರವ್ಯವು ಬೊಕ್ಕಸದಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಮಾತ್ರ ಉಳಿದಿರಲಾಗಿ, ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡಿನ ಮತ್ತು ಜಪಾನಿನ ಕೇಂದ್ರ ಬ್ಯಾಂಕುಗಳಲ್ಲಿ ಅಡವಿಟ್ಟು ಸಾಲ ಪಡೆಯಬೇಕಾಯಿತು. ಮನೆಯ ಯಜಮಾನನು ಹೆಂಡತಿಯ ಬಳೆಯನ್ನು ಗಿರವಿ ಅಂಗಡಿಗೆ ಒಯ್ಯುವಂತೆಯೇ ಒಂದು ದೇಶವೂ ಒಯ್ಯುವ ದಿನ ಬರುವದೆಂದು ಆಗ ಎಲ್ಲರೂ ಕಂಡರು. ಆ ವರುಷದ ಜುಲೈ ತಿಂಗಳಲ್ಲಿ ರೂಪಾಯಿಯ ಬೆಲೆಯನ್ನು ಎರಡು ಸಾರಿ ಇಳಿಸಲಾಗಿ ಒಂದು ಡಾಲರು ಸುಮಾರು 26 ರೂಪಾಯಿಗೆ ನಿಂತಿತು. 2025ರ ಡಿಸೆಂಬರಿನಲ್ಲಿ ಅದು 90ನ್ನು ದಾಟಿತು.

ಡಾಲರನ್ನು ಕಾಣದ ನಮ್ಮ ಸಹೋದರಿಗೆ ಇದು ಹೇಗೆ ಮುಟ್ಟುವದು? ನಮ್ಮ ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ಅಡಿಗೆಯ ಎಣ್ಣೆಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಪಾಲು ಹಡಗಿನಲ್ಲಿ ಬರುವಂಥದೇ. ಇವುಗಳನ್ನು ಡಾಲರು ಕೊಟ್ಟು ಕೊಳ್ಳಬೇಕು. ಹೀಗಿರಲಾಗಿ ರೂಪಾಯಿ ಬಿದ್ದರೆ ಲಾರಿಯ ಬಾಡಿಗೆ ಏರುವದು. ಲಾರಿಯ ಬಾಡಿಗೆ ಏರಿದರೆ ಸಂತೆಯ ಸೊಪ್ಪಿನ ಬೆಲೆಯೂ ಏರುವದು. ಒಗ್ಗರಣೆಗೆ ಎಣ್ಣೆ ಬಿಡುವಾಗ ಕೈ ಹಿಡಿಯುವ ಪ್ರತಿಯೊಬ್ಬ ತಾಯಿಯೂ ಡಾಲರಿನ ವ್ಯವಹಾರದಲ್ಲಿ ಪಾಲುಗಾರಳೇ, ಅದು ಆಕೆಗೆ ತಿಳಿಯಲಿ ತಿಳಿಯದಿರಲಿ. ಸರ್ಕಾರದ ಬೆಲೆ ಸೂಚ್ಯಂಕದ ಪ್ರಕಾರ, 2012ರಲ್ಲಿ 100 ರೂಪಾಯಿಗೆ ಸಿಕ್ಕುತ್ತಿದ್ದ ಸಾಮಾನಿಗೆ 2025ರಲ್ಲಿ ಸುಮಾರು 195 ರೂಪಾಯಿ ಕೊಡಬೇಕಾಗಿತ್ತು. ಹದಿಮೂರು ವರುಷಗಳಲ್ಲಿ ಸೇರು ಅರ್ಧವಾಯಿತೆಂದು ಹೇಳಿದರೆ ತಪ್ಪಾಗಲಾರದು.

ಆದರೂ ಭಯವನ್ನು ಬಿತ್ತುವದು ನಮ್ಮ ಉದ್ದೇಶವಲ್ಲ. ರೂಪಾಯಿ ಬಿದ್ದ ಮಾತ್ರಕ್ಕೆ ದೇಶವು ಬೀಳುವದಿಲ್ಲ. ಹೊರದೇಶಕ್ಕೆ ಸಾಮಾನು ಮಾರುವವರಿಗೂ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅನ್ಯದೇಶದವರ ಕೆಲಸ ಮಾಡಿಕೊಡುವವರಿಗೂ ಡಾಲರಿಗೆ ಹೆಚ್ಚು ರೂಪಾಯಿ ಬರುವದು. ಕೂಲಿಯು ಬೆಲೆಯ ಜೊತೆಯಲ್ಲಿ ಏರುತ್ತಾ ಹೋದರೆ ಕುಗ್ಗಿದ ಸೇರಿನಿಂದ ಹೆಚ್ಚು ಸಾರಿ ಅಳೆದುಕೊಳ್ಳಬಹುದು. ಕಷ್ಟವು ಯಾವಾಗ ಬರುವದೆಂದರೆ, ಸೇರು ಕುಗ್ಗಿದ ಕಾಲದಲ್ಲಿಯೇ ಕೆಲಸವೂ ಕುಗ್ಗಿದಾಗ. 2020ರ ಮಾರ್ಚ್ 25ರಿಂದ ದೇಶವೆಲ್ಲಾ ಬಾಗಲು ಮುಚ್ಚಿದಾಗ ಹೊಸೂರು ರಸ್ತೆಯ ಉದ್ದಕ್ಕೂ ಹೊಲಿಗೆಯ ಯಂತ್ರಗಳು ನಿಂತುಹೋದದ್ದನ್ನು ನಾವೆಲ್ಲರೂ ಕಂಡೆವು. 2025ರ ಆಗಸ್ಟ್ 27ರಿಂದ ಅಮೆರಿಕವು ನಮ್ಮ ಬಹು ಸಾಮಾನುಗಳ ಮೇಲೆ ನೂರಕ್ಕೆ 50ರಷ್ಟು ಸುಂಕವನ್ನು ಹಾಕಿದಾಗ, ಆ ದೇಶಕ್ಕೆ ಅಂಗಿ ಹೊಲಿಯುವವರ ಎದೆಯು ನಡುಗಿತು. ಅಂಥ ದಿನಗಳು ಬರುವದುಂಟೆಂದು ತಿಳಿದವನು ಅವು ಎಂದು ಬರುವವೆಂದು ತಿಳಿದವನಲ್ಲ. ದಿನವನ್ನು ಹೇಳುತ್ತೇವೆಂದು ಬರುವವರನ್ನು ನಂಬಬೇಡಿರಿ.

ಎರಡನೆಯ ಪ್ರಶ್ನೆಗೆ ಬರೋಣ. ಎತ್ತಿಡುವದು ಅವಿಶ್ವಾಸವೋ? ಸತ್ಯವೇದದಲ್ಲಿ ಒಂದು ಕಡೆ ಬಿತ್ತದ, ಕೊಯ್ಯದ ಪಕ್ಷಿಗಳನ್ನು ನೋಡಿರೆಂಬ ಬೋಧನೆಯುಂಟು. ಇನ್ನೊಂದು ಕಡೆ ಸುಗ್ಗಿಯಲ್ಲಿ ಕೂಡಿಸುವ ಇರುವೆಯನ್ನು ನೋಡಿ ಬುದ್ಧಿ ಕಲಿಯೆಂದು ಸೋಮಾರಿಗೆ ಹೇಳಲ್ಪಟ್ಟಿದೆ. ಪಕ್ಷಿಯನ್ನು ಮಾತ್ರ ಓದುವವನು ಸಾಲಗಾರನಾಗುವನು. ಇರುವೆಯನ್ನು ಮಾತ್ರ ಓದುವವನು ಜಿಪುಣನಾಗುವನು. ಎರಡನ್ನೂ ಒಂದೇ ಕರ್ತನ ಮಾತೆಂದು ಓದುವದು ಹೇಗೆ?

ವಿಮೋಚನಕಾಂಡದ ಮನ್ನದ ಕಥೆಯು ಈ ಕೀಲನ್ನು ತೆರೆಯುತ್ತದೆಂದು ನಮಗೆ ತೋರುತ್ತದೆ. ಇಸ್ರಾಯೇಲ್ಯರು ದಿನ ದಿನದ ಮನ್ನವನ್ನು ಹೆದರಿಕೆಯಿಂದ ಮರುದಿನಕ್ಕೆ ಇಟ್ಟುಕೊಂಡಾಗ ಅದು ಹುಳುಬಿದ್ದು ನಾತವಾಯಿತು. ಆದರೆ ಆರನೆಯ ದಿನದಲ್ಲಿ, ಸಬ್ಬತ್ತಿಗೋಸ್ಕರ, ದೇವರ ಮಾತಿನಂತೆ ಎರಡು ಪಾಲು ಕೂಡಿಸಿಟ್ಟಾಗ ಹುಳು ಬೀಳಲಿಲ್ಲ. ಮನ್ನ ಅದೇ, ಪಾತ್ರೆ ಅದೇ, ಇಟ್ಟ ರಾತ್ರಿಯೂ ಒಂದೇ. ಹುಳುವು ಇಡುವದರಲ್ಲಿ ಇರಲಿಲ್ಲ, ಇಟ್ಟವನ ಮನಸ್ಸಿನಲ್ಲಿತ್ತು. ನಾಳೆ ದೇವರು ಇರುವನೋ ಇಲ್ಲವೋ ಎಂದು ಇಟ್ಟದ್ದು ಕೊಳೆಯಿತು. ದೇವರು ಹೇಳಿದ್ದಾನೆಂದು ಇಟ್ಟದ್ದು ಉಳಿಯಿತು. ಹಾಗಾದರೆ ಚಿಂತೆಯು ಬೇರೆ, ಮುಂದಾಲೋಚನೆಯು ಬೇರೆ. ಚಿಂತೆಯು ನಾಳೆಯ ಭಾರವನ್ನು ಇಂದಿನ ಹೆಗಲಿನ ಮೇಲೆ ಹೊರಿಸಿ ಇಂದಿನ ಕೆಲಸವನ್ನೂ ಕೆಡಿಸುವದು. ಮುಂದಾಲೋಚನೆಯು ಇಂದಿನ ಕೆಲಸವನ್ನು ಇಂದೇ ಮಾಡುವದು, ಮತ್ತು ನಾಳೆಗೆ ಒಂದು ಪಾಲನ್ನು ಎತ್ತಿಟ್ಟು ನೆಮ್ಮದಿಯಿಂದ ಮಲಗುವದು.

ನಮ್ಮ ಸೀಮೆಯ ಒಕ್ಕಲಿಗರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬೇಗೂರು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿ ಪಟ್ಟಣವಾಗುವದಕ್ಕೆ ಬಹು ಮುಂಚೆ, ಈ ಕಡೆಯ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ಹಾಕಿ ಬಾಯಿ ಮುಚ್ಚಿಡುತ್ತಿದ್ದರು. ನೆಲದೊಳಗಿನ ಆ ಹಗೇವಿನಲ್ಲಿ ರಾಗಿಯು ವರುಷಾಂತರಗಳವರೆಗೆ ಕೆಡದೆ ಇರುತ್ತಿತ್ತು. ಆದರೂ 1876ರಿಂದ 1878ರ ವರೆಗಿನ ಮಹಾ ಕ್ಷಾಮದಲ್ಲಿ ಮಳೆಯು ಮೇಲಿಂದ ಮೇಲೆ ತಪ್ಪಲಾಗಿ ಹಗೇವುಗಳೂ ಬರಿದಾದವು. ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನರು, ಅಂದರೆ ಐವರಲ್ಲಿ ಒಬ್ಬನು, ಸತ್ತುಹೋದರು. ಇದರಿಂದ ಎರಡು ಪಾಠಗಳುಂಟು. ಹಗೇವಿಲ್ಲದವನು ಮೊದಲನೆಯ ವರುಷವೇ ಬೀಳುವನು. ಹಗೇವು ಇದ್ದವನೂ ಅದನ್ನೇ ದೇವರೆಂದು ನಂಬಿದರೆ ಎರಡನೆಯ ವರುಷ ಬೀಳುವನು.

ನಾಣ್ಯವನ್ನು ನಂಬುವವನಿಗಂತೂ ಬೇಗೂರಿನ ನೆಲವೇ ಸಾಕ್ಷಿ. ಇಲ್ಲಿಯ ನಾಗೇಶ್ವರ ದೇವಸ್ಥಾನದಲ್ಲಿರುವ, ಸುಮಾರು ಕ್ರಿಸ್ತ ಶಕ 890ರ ಗಂಗರ ಕಾಲದ ಕಲ್ಲಿನ ಬರಹದಲ್ಲಿ ಬೆಂಗಳೂರಿನ ಕಾಳಗದ ಮಾತು ಉಂಟು. ಬೆಂಗಳೂರೆಂಬ ಹೆಸರು ಕಾಣುವ ಬಹು ಹಳೆಯ ಬರಹವು ಅದೇ ಎಂದು ಹೇಳುತ್ತಾರೆ. ಕಲ್ಲಿನ ಮೇಲಿನ ಹೆಸರು ಉಳಿಯಿತು. ಆ ಅರಸರ ನಾಣ್ಯವು ಇಂದು ಯಾವ ಅಂಗಡಿಯಲ್ಲಿಯೂ ನಡೆಯದು. ನಾವು ಇಂದು ಹಣವೆಂದು ಕರೆಯುವ ಶಬ್ದವೇ ಹಿಂದೆ ಒಂದು ಚಿಕ್ಕ ಚಿನ್ನದ ನಾಣ್ಯದ ಹೆಸರಾಗಿತ್ತು. ನಾಣ್ಯವು ಹೋಯಿತು, ಶಬ್ದವು ಮಾತ್ರ ನಿಂತಿತು. ಜರ್ಮನಿಯಲ್ಲಿ 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕು ಎಣಿಸಬೇಕಾದಾಗ, ಮುದುಕರೂ ವಿಧವೆಯರೂ ಜೀವಮಾನವೆಲ್ಲಾ ಕೂಡಿಸಿದ್ದು ಒಂದು ರೊಟ್ಟಿಗೂ ಸಾಲದೆ ಹೋಯಿತು. ನಮ್ಮ ದೇಶಕ್ಕೆ ಅಂಥದು ಬಂದಿಲ್ಲ; ಬರುವದೆಂದು ನಾವು ಹೇಳುವದೂ ಇಲ್ಲ. ಕಾಗದದ ಮೇಲಿನ ಅಂಕೆಯು ಬಂಡೆಯಲ್ಲವೆಂಬದಷ್ಟೇ ನಮ್ಮ ಮಾತು.

ಈಗ ಇನ್ನೂ ಕಠಿನವಾದ ಒಂದು ಸಂಗತಿಯನ್ನು ನೋಡಬೇಕು. ಕಷ್ಟಕಾಲದ ಸಿದ್ಧತೆಯನ್ನು ಕುರಿತು ಪ್ರಸಂಗ ಮಾಡುವವರೆಲ್ಲರೂ ಯೋಸೇಫನ ಹೆಸರನ್ನು ಎತ್ತುತ್ತಾರೆ. ಏಳು ಸುಭಿಕ್ಷದ ವರುಷಗಳಲ್ಲಿ ಬೆಳೆಯ ಐದನೆಯ ಪಾಲನ್ನು ಕೂಡಿಸಿಟ್ಟು ಐಗುಪ್ತವನ್ನು ಉಳಿಸಿದನು. ನಾವೂ ಹಾಗೆಯೇ ಮಾಡಬೇಕು ಎಂದು ಹೇಳಿ ಮುಗಿಸುತ್ತಾರೆ. ಇದು ಆದಿಕಾಂಡದ 41ನೆಯ ಅಧ್ಯಾಯ. ಆದರೆ 47ನೆಯ ಅಧ್ಯಾಯವನ್ನು ಸಭೆಯಲ್ಲಿ ಓದುವವರು ಸ್ವಲ್ಪ. ಅಲ್ಲಿ ಜನರ ಹಣವೆಲ್ಲಾ ತೀರಿಹೋಯಿತು. ಆಗ ತಮ್ಮ ದನಕುರಿಗಳನ್ನು ಕೊಟ್ಟು ಧಾನ್ಯವನ್ನು ಕೊಂಡರು. ಮರುವರುಷ ಹೊಲಗಳನ್ನು ಕೊಟ್ಟರು. ಕಡೆಗೆ ತಮ್ಮನ್ನೇ ಫರೋಹನಿಗೆ ದಾಸರನ್ನಾಗಿ ಒಪ್ಪಿಸಿದರು. ಧಾನ್ಯವು ಮೊದಲು ಯಾರ ಹೊಲದಲ್ಲಿ ಬೆಳೆದಿತ್ತೋ ಅವರೇ ಅದಕ್ಕೋಸ್ಕರ ಹೊಲವನ್ನು ಕಳಕೊಂಡರು. ಆ ದೇಶದ ಪುರೋಹಿತರ ಭೂಮಿಯು ಮಾತ್ರ ಹೋಗಲಿಲ್ಲ, ಯಾಕಂದರೆ ಅವರಿಗೆ ಅರಮನೆಯಿಂದ ಗೊತ್ತಾದ ಪಡಿಯು ಬರುತ್ತಿತ್ತು. ತಿಂಗಳು ತಿಂಗಳು ಸಂಬಳ ಬರುವ ಉಪದೇಶಿಗಳಾದ ನಾವು ಈ ವಚನದ ಮುಂದೆ ಸ್ವಲ್ಪ ಹೊತ್ತು ಮೌನವಾಗಿ ಕೂತುಕೊಳ್ಳುವದು ಒಳ್ಳೇದು.

ಯೋಸೇಫನನ್ನು ದೂಷಿಸುವದಕ್ಕೆ ನಾವು ಇದನ್ನು ಬರೆಯಲಿಲ್ಲ. ಅವನು ಜನರ ಪ್ರಾಣವನ್ನು ಉಳಿಸಿದನೆಂದು ಆ ಜನರೇ ಹೇಳಿದರು. ಬಿತ್ತುವದಕ್ಕೆ ಬೀಜವನ್ನೂ ಕೊಟ್ಟನು. ಬೆಳೆಯಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಅವರಿಗೇ ಬಿಟ್ಟನು. ಆದರೂ ಕಣಜಕ್ಕೆ ಎರಡು ಬಾಗಲುಗಳುಂಟೆಂದು ಈ ಅಧ್ಯಾಯವು ನಮಗೆ ಕಲಿಸುತ್ತದೆ. ಒಂದು ಬಾಗಲಿನಿಂದ ಹಸಿದವನಿಗೆ ಅನ್ನ ಹೋಗುವದು. ಮತ್ತೊಂದು ಬಾಗಲಿನಿಂದ ಹಸಿದವನ ಹೊಲವು ಒಳಗೆ ಬರುವದು. ಎತ್ತಿಟ್ಟವನು ಯಾವ ಬಾಗಲನ್ನು ತೆರೆಯುವನೆಂಬದೇ ಪ್ರಶ್ನೆ. ನೆಹೆಮೀಯನ ಕಾಲದಲ್ಲಿಯೂ ಬರಗಾಲದಲ್ಲಿ ಜನರು ಹೊಲಗಳನ್ನೂ ದ್ರಾಕ್ಷೇತೋಟಗಳನ್ನೂ ಮಕ್ಕಳನ್ನೂ ಒತ್ತೆಯಿಟ್ಟರು. ಆತನು ಸಭೆಯನ್ನು ಕೂಡಿಸಿ, ತಾನೂ ತನ್ನ ಸಹೋದರರೂ ಹಣವನ್ನೂ ಧಾನ್ಯವನ್ನೂ ಸಾಲ ಕೊಟ್ಟವರೇ ಎಂದು ಒಪ್ಪಿಕೊಂಡು, ಬಡ್ಡಿಯನ್ನು ಬಿಟ್ಟು ಹೊಲಗಳನ್ನು ಹಿಂದಕ್ಕೆ ಕೊಡಿಸಿದನು. ಇಂದು ಬೆಲೆ ಏರುವ ಕಾಲದಲ್ಲಿ ನೆರೆಯವನ ಚೂರು ನಿವೇಶನವನ್ನು ಅಗ್ಗಕ್ಕೆ ಬರೆಯಿಸಿಕೊಳ್ಳುವವನೂ, ಬೀದಿಯ ಹೆಂಗಸರಿಗೆ ಮೀಟರ್ ಬಡ್ಡಿಗೆ ದುಡ್ಡು ಕೊಡುವವನೂ ತಾನು ಯೋಸೇಫನಂತೆ ಜಾಣನೆಂದು ಹೇಳಿಕೊಳ್ಳಬಹುದು. ನೆಹೆಮೀಯನ ಮುಂದೆ ನಿಂತು ಹಾಗೆ ಹೇಳಲಿ ನೋಡೋಣ. ಸಾಲ ವಸೂಲಿಯ ಕಿರುಕುಳವು ಹೆಚ್ಚಿ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತೆಂಬದು ನಮ್ಮ ಸೀಮೆಗೆ ನಾಚಿಕೆಯ ಸಂಗತಿಯಲ್ಲವೋ?

ಬಡವರು ಎತ್ತಿಡುವದನ್ನು ಅರಿಯರೆಂದು ಕೆಲವರು ಆಡುವರು. ಅಂಥವರಿಗೆ ನಮ್ಮ ಕಣ್ಣಿನ ಮುಂದೆಯೇ ಉತ್ತರವುಂಟು. 2016ರ ಫೆಬ್ರವರಿಯಲ್ಲಿ ಭವಿಷ್ಯನಿಧಿಯ ನಿಯಮವನ್ನು ಬದಲಾಯಿಸಿ, ಯಜಮಾನನು ಕಟ್ಟಿದ ಪಾಲನ್ನು ಕೆಲಸಗಾರನಿಗೆ 58 ವರುಷ ತುಂಬುವ ತನಕ ತೆಗೆದುಕೊಳ್ಳಕೂಡದೆಂದು ಕೇಂದ್ರ ಸರ್ಕಾರವು ಗೊತ್ತುಮಾಡಿತು. ಏಪ್ರಿಲ್ 18ರಂದೂ 19ರಂದೂ ಬೊಮ್ಮನಹಳ್ಳಿಯಲ್ಲಿಯೂ ನಗರದ ಬೇರೆ ಕಡೆಗಳಲ್ಲಿಯೂ ಸಾವಿರಾರು ಮಂದಿ ಗಾರ್ಮೆಂಟ್ಸ್ ಕೆಲಸಗಾರರು, ಬಹುಮಟ್ಟಿಗೆ ಹೆಂಗಸರು, ಬೀದಿಗೆ ಬಂದರು. ಹೊಸೂರು ರಸ್ತೆಯು ನಿಂತುಹೋಯಿತು. 19ರಂದೇ ಸರ್ಕಾರವು ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಅಂದು ಕಲ್ಲು ತೂರಾಟವೂ ಬಸ್ಸುಗಳಿಗೆ ಬೆಂಕಿಯೂ ಆದವು. ಅದನ್ನು ನಾವು ಮೆಚ್ಚುವದಿಲ್ಲ. ಆದರೆ ಆ ತಾಯಂದಿರು ಏನನ್ನು ಕೇಳಿದರೆಂಬದನ್ನು ಗಮನಿಸಿರಿ. ಅನ್ಯರ ಸೊತ್ತನ್ನು ಕೇಳಲಿಲ್ಲ, ದಾನವನ್ನೂ ಕೇಳಲಿಲ್ಲ. ತಮ್ಮ ಹಗೇವಿನ ಬಾಯನ್ನು ಬರಗಾಲ ಬಂದ ದಿನ ತಾವೇ ತೆರೆಯುವ ಹಕ್ಕನ್ನು ಕೇಳಿದರು. ಮಗಳ ಮದುವೆ, ಗಂಡನ ಕಾಯಿಲೆ, ಕೆಲಸ ಹೋದ ತಿಂಗಳು, ಇವು 58ನೆಯ ವರುಷಕ್ಕೆ ಕಾಯುವದಿಲ್ಲವೆಂದು ಅವರಿಗೆ ತಿಳಿದಿತ್ತು. ಜೊತೆಗೆ ಇದನ್ನೂ ಹೇಳಬೇಕು: ಹಬ್ಬದ ಸೀರೆಗೆ ಹಗೇವನ್ನು ತೆರೆಯುವವಳಿಗೆ ಬರಗಾಲದ ದಿನ ಅದು ಬರಿದಾಗಿ ಕಾಣುವದು.

ಹೀಗಿರಲಾಗಿ ನಾವು ಮಾಡತಕ್ಕದ್ದೇನು? ನಾಲ್ಕು ಮಾತುಗಳನ್ನು ಹೇಳುವೆವು.

ಒಂದು, ಸಾಲವನ್ನು ಇಳಿಸಿರಿ. ಕಷ್ಟಕಾಲದಲ್ಲಿ ಮೊದಲು ಮುಳುಗುವವನು ಬಡವನಲ್ಲ, ಸಾಲಗಾರನು. ಮದುವೆಯನ್ನೂ ನಾಮಕರಣವನ್ನೂ ನೆರೆಯವರ ಕಣ್ಣಿಗೋಸ್ಕರ ಮಾಡುವ ಪದ್ಧತಿಯನ್ನು ಬಿಡಿರಿ. ತಿಂಗಳಿಗೆ ನೂರಕ್ಕೆ 3ರಂತೆ ಬಡ್ಡಿ ತೆರುವವನಿಗೆ ವರುಷಕ್ಕೆ 36 ಆಗುವದು. ಅಷ್ಟು ಲಾಭವನ್ನು ಯಾವ ಬ್ಯಾಂಕೂ ಕೊಡದು. ಆದಕಾರಣ ಅಂಥ ಸಾಲವನ್ನು ತೀರಿಸುವದೇ ಮೊದಲನೆಯ ಉಳಿತಾಯ.

ಎರಡು, ಎತ್ತಿಡಿರಿ, ಆದರೆ ಕಣ್ಣು ತೆರೆದು ಎತ್ತಿಡಿರಿ. ಮೂರು ತಿಂಗಳ ಅಕ್ಕಿ, ಬಾಡಿಗೆ, ಔಷಧಿಗಳಿಗೆ ಸಾಲುವಷ್ಟು ಕೈಗೆ ಸಿಕ್ಕುವಂತೆ ಇಡುವದು ಮೊದಲಿನ ಗುರಿಯಾಗಿರಲಿ. ಬ್ಯಾಂಕಿನ ಠೇವಣಿಗೆ ಇರುವ ವಿಮೆಯನ್ನು 2020ರ ಫೆಬ್ರವರಿಯಲ್ಲಿ ಒಬ್ಬೊಬ್ಬ ಠೇವಣಿದಾರನಿಗೆ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ನೋಂದಣಿಯಿಲ್ಲದ ಚೀಟಿಗೂ, ಬಡಾವಣೆಯ ಪತ್ತಿನ ಸಂಘಕ್ಕೂ ಆ ವಿಮೆಯಿಲ್ಲವೆಂಬದನ್ನು ನೆನಪಿನಲ್ಲಿಡಿರಿ. ಅದೇ 2020ರ ಜನವರಿಯಲ್ಲಿ ಬಸವನಗುಡಿಯ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿ, ಒಬ್ಬನು 35,000 ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂದು ಅಪ್ಪಣೆ ಮಾಡಿದಾಗ, ನಿವೃತ್ತರಾದ ಎಷ್ಟೋ ವೃದ್ಧರು ಬಾಗಲಲ್ಲಿ ನಿಂತು ಕಣ್ಣೀರಿಟ್ಟರು. ಎಲ್ಲಾ ಮೊಟ್ಟೆಗಳನ್ನು ಒಂದೇ ಕೋಳಿಯ ಕೆಳಗೆ ಇಡಬೇಡಿರಿ. ಎಲ್ಲರಿಗಿಂತ ಹೆಚ್ಚು ಬಡ್ಡಿ ಕೊಡುತ್ತೇವೆನ್ನುವವನಿಗೆ ಎಲ್ಲರಿಗಿಂತ ಹೆಚ್ಚು ಹೆದರಿರಿ. ಚಿನ್ನವು 2025ರಲ್ಲಿ 10 ಗ್ರಾಮಿಗೆ 1 ಲಕ್ಷ ರೂಪಾಯಿಯನ್ನು ದಾಟಿತೆಂದು ಕೇಳಿ ಸಾಲ ಮಾಡಿ ಚಿನ್ನ ಕೊಳ್ಳುವವನು ಬುದ್ಧಿವಂತನಲ್ಲ. ಕುಗ್ಗುವ ಸೇರಿಗೆ ಬಡವನ ಕೈಯಲ್ಲಿರುವ ಒಳ್ಳೇ ಮದ್ದು ಯಾವದೆಂದರೆ ಕೈಕಸುಬು ಮತ್ತು ಮಕ್ಕಳ ವಿದ್ಯೆ. ಯಾಕಂದರೆ ಬೆಲೆ ಏರಿದಾಗ ಕಸುಬಿನ ಕೂಲಿಯೂ ಸ್ವಲ್ಪ ತಡವಾಗಿಯಾದರೂ ಏರುವದು.

ಮೂರು, ಕೂಡಿ ಎತ್ತಿಡಿರಿ. ಕೂಡಿ ಉಳಿಸುವದು ನಮ್ಮ ನಾಡಿಗೆ ಹೊಸದಲ್ಲ. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ರೈತರು ಸಹಕಾರ ಸಂಘವನ್ನು ಕಟ್ಟಿದರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯವರು 1928ರಲ್ಲಿ ಪಿಗ್ಮಿ ಠೇವಣಿಯನ್ನು ತೊಡಗಿ, ದಿನಕ್ಕೆ ಎರಡಾಣೆಯಂತೆ ಮನೆ ಬಾಗಲಿಗೆ ಬಂದು ಕೂಡಿಸಿಕೊಂಡು ಹೋದರು. ಜರ್ಮನಿಯಲ್ಲಿ 1846-47ರ ಹಸಿವಿನ ಚಳಿಗಾಲದಲ್ಲಿ ರೈಫೈಸನ್ ಎಂಬ ಭಕ್ತನಾದ ಗ್ರಾಮಾಧಿಕಾರಿಯು ಊರಿನ ಸ್ಥಿತಿವಂತರನ್ನು ಕೂಡಿಸಿ ಬಡವರಿಗೆ ರೊಟ್ಟಿಯನ್ನು ಒದಗಿಸಿದನು. ಬರಿಯ ದಾನವು ಬಹುಕಾಲ ನಿಲ್ಲದೆಂದು ಕಂಡುಕೊಂಡು ಮುಂದೆ ಹಳ್ಳಿಯವರೇ ಒಬ್ಬರಿಗೊಬ್ಬರು ಹೊಣೆಯಾಗುವ ಸಾಲದ ಸಂಘಗಳನ್ನು ಕಟ್ಟಿಸಿದನು. ನಮ್ಮ ಸಭೆಗಳಲ್ಲಿ ತಾಯಂದಿರು ಅಡಿಗೆಗೆ ಮುಂಚೆ ತೆಗೆದಿಡುವ ಹಿಡಿಯಕ್ಕಿಯೂ ಇದೇ ಜಾತಿಯದು. ಅದನ್ನು ಹಳೆಯ ಕಾಲದ ಪದ್ಧತಿಯೆಂದು ಬಿಟ್ಟ ಸಭೆಗಳು ಮತ್ತೆ ಹಿಡಿಯಲಿ. ರೂಪಾಯಿ ಕುಗ್ಗಿದರೂ ಹಿಡಿಯು ಕುಗ್ಗುವದಿಲ್ಲ.

ನಾಲ್ಕು, ನಿಮ್ಮ ಕೈಯಲ್ಲಿರುವ ಸೇರನ್ನು ಸರಿಯಾಗಿಡಿರಿ. ಎರಡು ತರದ ಅಳತೆಯನ್ನು ಮನೆಯಲ್ಲಿಟ್ಟುಕೊಳ್ಳಕೂಡದೆಂದು ಧರ್ಮೋಪದೇಶಕಾಂಡದಲ್ಲಿ ವಿಧಿಯುಂಟು. ದೇಶದ ನಾಣ್ಯವನ್ನು ಸರಿಪಡಿಸುವದು ನಮ್ಮ ಕೈಯಲ್ಲಿಲ್ಲ. ಆದರೆ ಮನೆಗೆಲಸದವಳಿಗೆ ಐದು ವರುಷಗಳಿಂದ ಅದೇ ಸಂಬಳವನ್ನು ಕೊಡುತ್ತಾ ಬಾಡಿಗೆಯನ್ನು ಮಾತ್ರ ವರುಷ ವರುಷವೂ ಏರಿಸುವವನ ಮನೆಯಲ್ಲಿ ಎರಡು ಸೇರುಗಳು ಇವೆ: ಕೊಡುವದಕ್ಕೆ ಕುಗ್ಗಿದ್ದು, ತೆಗೆದುಕೊಳ್ಳುವದಕ್ಕೆ ತುಂಬಿದ್ದು.

ಈ ಕಡೆಯ ಮಾತಿನಲ್ಲಿ ಒಂದು ಬಿಕ್ಕಟ್ಟು ಉಂಟು. ಅದು ನಮ್ಮ ಮುಂದೆಯೇ ಬಂತು. ಇಬ್ಬರು ಅಣ್ಣತಮ್ಮಂದಿರು, ಹೆಸರು ಬೇಡ. 2012ರಲ್ಲಿ ಅಣ್ಣನು ಕೆಲಸ ಬಿಟ್ಟಾಗ ಬಂದ ದುಡ್ಡಿನಲ್ಲಿ 1 ಲಕ್ಷ ರೂಪಾಯಿಯನ್ನು ತಮ್ಮನಿಗೆ ಸಾಮಾನು ಸಾಗಿಸುವ ಆಟೋ ಕೊಳ್ಳುವದಕ್ಕೆ ಬಡ್ಡಿಯಿಲ್ಲದೆ ಕೊಟ್ಟನು. ತಮ್ಮನು 2025ರಲ್ಲಿ 1 ಲಕ್ಷವನ್ನು ಎಣಿಸಿ ಕೊಟ್ಟು ಕೈಮುಗಿದನು. ಅಣ್ಣನ ಹೆಂಡತಿಯು ಆಗ ಆಸ್ಪತ್ರೆಯಲ್ಲಿದ್ದಳು. “ಇದು ನಾನು ಕೊಟ್ಟದ್ದರಲ್ಲಿ ಅರ್ಧ” ಎಂದನು ಅಣ್ಣನು. “ಲಕ್ಷ ಕೊಟ್ಟೆ, ಲಕ್ಷ ತಂದಿದ್ದೇನೆ. ಅಣ್ಣಾ, ನೀನು ಬಡ್ಡಿ ಕೇಳುತ್ತೀಯಾ?” ಎಂದನು ತಮ್ಮನು. ಅಂದಿನಿಂದ ಇಬ್ಬರೂ ಕರ್ತನ ಭೋಜನದ ಮೇಜಿಗೆ ಬಾರದೆ ಹೋದರು.

ನ್ಯಾಯವು ಯಾರ ಕಡೆಗಿದೆ? ಕಾಗದದ ಪ್ರಕಾರ ತಮ್ಮನು ಸಾಲವನ್ನು ತೀರಿಸಿದನು. ದೇವರ ವಾಕ್ಯವು ಬಡ ಸಹೋದರನಿಂದ ಬಡ್ಡಿಯನ್ನು ತೆಗೆದುಕೊಳ್ಳಬೇಡವೆನ್ನುತ್ತದೆ. ಆದರೆ ಅಳತೆಯು ಸರಿಯಾಗಿರಬೇಕೆಂದೂ ಅದೇ ವಾಕ್ಯವು ಹೇಳುತ್ತದೆ. ಇಬ್ಬರೂ ಒಂದೊಂದು ವಚನವನ್ನು ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದರು. ನಾವು ಬಹಳ ದಿನ ಪ್ರಾರ್ಥಿಸಿ ಯೋಚಿಸಿದೆವು. ಬಡ್ಡಿಯೆಂದರೆ ಕೊಟ್ಟದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳುವದು. ಕುಗ್ಗಿದ ಸೇರನ್ನು ತುಂಬಿಸಿ ಕೊಡುವದು ಹೆಚ್ಚಿನದಲ್ಲ, ಕೊಟ್ಟಷ್ಟೇ. ಆದಕಾರಣ ತಮ್ಮನು ತುಂಬಿಸುವದು ನ್ಯಾಯವೆಂದು ನಮಗೆ ಕಂಡಿತು. ಆದರೆ ಅಣ್ಣನು ಅದನ್ನು ಹಕ್ಕಿನಿಂದ ಕೇಳಬಹುದೋ? ಸೇರನ್ನು ಕುಗ್ಗಿಸಿದವನು ತಮ್ಮನಲ್ಲವಲ್ಲಾ. ಕೊಡುವಾಗ ಇಬ್ಬರೂ ರೂಪಾಯಿಯ ಮಾತನ್ನಾಡಿದರು, ಅಕ್ಕಿಯ ಮಾತನ್ನಲ್ಲ. ನಷ್ಟವು ಯಾರ ತಪ್ಪಿನಿಂದಲೂ ಬಾರದಿದ್ದಾಗ ಅದನ್ನು ಪ್ರೀತಿಯಿಂದ ಹಂಚಿಕೊಳ್ಳಬಹುದೇ ಹೊರತು ವ್ಯಾಜ್ಯದಿಂದ ಅಲ್ಲ. ಲಾಭ ಹೊಂದಿದವನು ಕೇಳಿಸಿಕೊಳ್ಳುವದಕ್ಕೆ ಮುಂಚೆ ಕೊಡಲು ಸಿದ್ಧನಾಗಿರಬೇಕು. ನಷ್ಟ ಹೊಂದಿದವನು ಕೊಡದಿದ್ದರೂ ಬಿಡಲು ಸಿದ್ಧನಾಗಿರಬೇಕು. ಇದನ್ನು ನಾವು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದೆವು. ತಮ್ಮನ ಕೈಯಲ್ಲಿ ದುಡ್ಡು ಇರಲಿಲ್ಲ. ಕೆಲವು ವಾರಗಳ ಮೇಲೆ ಅವನು ತನ್ನ ಆಟೋದಲ್ಲಿಯೇ ಒಂದು ಮೂಟೆ ಅಕ್ಕಿಯನ್ನು ತಂದು ಅಣ್ಣನ ಬಾಗಲಲ್ಲಿ ಇಳಿಸಿ, “ತಿಂಗಳಿಗೆ ಒಂದು ತರುತ್ತೇನೆ, ಲೆಕ್ಕ ಬೇಡ” ಎಂದು ಹೇಳಿ ಹೋದನು. ಅಣ್ಣನು ಆ ಹೊತ್ತು ಮಾತಾಡಲಿಲ್ಲ. ಮರುತಿಂಗಳು ಮೂಟೆಯನ್ನು ಇಳಿಸುವದಕ್ಕೆ ತಾನೇ ಕೈಕೊಟ್ಟನು. ಮೇಜಿಗೆ ಇಬ್ಬರೂ ಇನ್ನೂ ಒಟ್ಟಿಗೆ ಬಂದಿಲ್ಲ; ಬರುವರೆಂದು ನಾವು ನಿರೀಕ್ಷಿಸುತ್ತಿದ್ದೇವೆ.

ಬರಗಾಲದ ಮುನ್ಸೂಚನೆಯನ್ನು ಕೇಳಿದ ಒಂದು ಸಭೆಯು ಅಪೊಸ್ತಲರ ಕೃತ್ಯಗಳಲ್ಲಿ ಉಂಟು. ಅಗಬನೆಂಬ ಪ್ರವಾದಿಯು ಅಂತಿಯೋಕ್ಯಕ್ಕೆ ಬಂದು, ಲೋಕಕ್ಕೆಲ್ಲಾ ದೊಡ್ಡ ಕ್ಷಾಮ ಬರುವದೆಂದು ತಿಳಿಸಿದನು. ಆ ಮಾತನ್ನು ಕೇಳಿದವರು ಮೊದಲು ಏನು ಮಾಡಿದರು? ತಮ್ಮ ಕಣಜಗಳಿಗೆ ಬೀಗ ಹಾಕಿದರೆಂದು ಬರೆದಿಲ್ಲ. ಒಬ್ಬೊಬ್ಬನು ತನ್ನ ಶಕ್ತಿಗೆ ತಕ್ಕಂತೆ ಯೂದಾಯದ ಸಹೋದರರಿಗೆ ಸಹಾಯವನ್ನು ಕಳುಹಿಸಲು ನಿಶ್ಚಯಿಸಿದನು. ಕ್ಷಾಮವು ಅವರಿಗೂ ಬರುವದಿತ್ತು. ತಮಗಿಂತ ಮೊದಲು ಬೀಳುವವರು ಯಾರೆಂದು ಅವರು ನೋಡಿದರು. ಕ್ರೈಸ್ತರ ಸಿದ್ಧತೆಯು ಇದೇ.

ಆದಕಾರಣ, ಬಾಗಲಲ್ಲಿ ನಮ್ಮನ್ನು ನಿಲ್ಲಿಸಿ ಕೇಳಿದ ಸಹೋದರಿಯೇ, ಎತ್ತಿಡು. ಹೆದರಿ ಎತ್ತಿಡಬೇಡ, ದೇವರು ಬುದ್ಧಿಯನ್ನು ಕೊಟ್ಟಿದ್ದಾನೆಂದು ಎತ್ತಿಡು. ಎತ್ತಿಟ್ಟ ಮೇಲೆ ನಾಳೆಯನ್ನು ಆತನಿಗೆ ಬಿಟ್ಟು ನಿದ್ದೆಮಾಡು. ನಿನ್ನ ಪಕ್ಕದ ಯಂತ್ರದಲ್ಲಿ ಹೊಲಿಯುವವಳ ಮನೆಯಲ್ಲಿ ಒಲೆ ಹೊತ್ತದೆ ಇದ್ದರೆ, ನಿನ್ನ ಹಗೇವಿನ ಬಾಯಿ ಯಾವ ಕಡೆಗೆ ತೆರೆಯಬೇಕೆಂದು ಆಗ ನಿನಗೆ ಯಾವ ಉಪದೇಶಿಯೂ ಹೇಳಬೇಕಾಗಿರುವದಿಲ್ಲ. ನಮ್ಮ ಅಳತೆಗಳೆಲ್ಲಾ ಕುಗ್ಗಿದರೂ ಒತ್ತಿ, ಅಲ್ಲಾಡಿಸಿ, ಹೊರಸೂಸುವಂತೆ ಅಳೆಯುವ ಕರ್ತನ ಸೇರು ಕುಗ್ಗುವದಿಲ್ಲ. ಆತನು ನಮ್ಮೆಲ್ಲರಿಗೂ ದಿನದ ಆಹಾರವನ್ನೂ, ಅದನ್ನು ಹಂಚುವ ಮನಸ್ಸನ್ನೂ ದಯಪಾಲಿಸಲಿ. ಆಮೆನ್.